ಅವರನ್ನೇ ಕೇಳಿ

ನಮ್ಮ ವಿಶ್ವವಿದ್ಯಾಲಯದ ದಾಖಲೆ ವಿಭಾಗಕ್ಕೆ ಇರುವುದು ಒಂದೇ ಕಿಟಕಿ. ದಪ್ಪ ಗಾಜು, ಅದರಲ್ಲಿ ಬಾಯಿಯ ಎತ್ತರಕ್ಕೆ ದುಂಡನೆಯ ಒಂದು ತೂತು, ಕೆಳಗೆ ಕಾಗದ ತೂರಿಸಲು ಒಂದು ಸೀಳು. ಆ ತೂತಿಗೆ ಬಾಯಿಟ್ಟು ಎಷ್ಟು ಜನ ಬೈದರೋ, ಎಷ್ಟು ಜನ ಅತ್ತರೋ, ಯಾರೂ ಲೆಕ್ಕ ಇಟ್ಟಿಲ್ಲ. ಒಳಗೆ ಕೂತವಳು ಮಾತ್ರ ಮೊದಲಿನಿಂದಲೂ ಒಬ್ಬಳೇ. ವಿದ್ಯಾರ್ಥಿಗಳು ಅವಳಿಗೆ ಬೀಗದಕ್ಕ ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೀಗಕ್ಕೆ ಬೀಗ ಅಂದರೆ ಬೈದ ಹಾಗಾಯಿತೇ ಎಂದು ನಕ್ಕು ಸುಮ್ಮನಾಗಿದ್ದಳು.

ನಾನು ಪಕ್ಕದ ಮೇಜಿನವಳು. ಅಂಕಪಟ್ಟಿ ಮುದ್ರಿಸಿ, ಮೊಹರು ಒತ್ತಿ, ಲಕೋಟೆಗೆ ಹಾಕುವುದು ನನ್ನ ಕೆಲಸ. ನನ್ನದು ಎಲುಬಿಲ್ಲದ ನಾಲಿಗೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಾಗಿ ನನ್ನನ್ನು ಕಿಟಕಿಗೆ ಕೂರಿಸುವ ಧೈರ್ಯ ಯಾವ ಸೂಪರಿಂಟೆಂಡೆಂಟರಿಗೂ ಬರಲಿಲ್ಲ. ಬೀಗದಕ್ಕನೂ ನಾನೂ ಒಟ್ಟಿಗೇ ಕೆಲಸಕ್ಕೆ ಸೇರಿದವರು, ಒಂದೇ ಬಸ್ಸಿನಲ್ಲಿ ಬಂದು ಹೋಗುವವರು, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ ಉಂಡವರು. ನಾನು ಹೇಳುವುದರಲ್ಲಿ ಸಲಿಗೆ ಜಾಸ್ತಿ ಕಂಡರೆ ಓದುವವರು ಹೊಂದಿಕೊಳ್ಳಬೇಕು.

ಕಿಟಕಿಯ ನಿಯಮ ಬಹಳ ಸರಳ. ಹುಡುಗನೋ ಹುಡುಗಿಯೋ ಒಮ್ಮೆ ಇಲ್ಲಿಗೆ ಸೇರಿದ ಮೇಲೆ ಅವರ ಅಂಕ, ಹಾಜರಿ, ಪಾಸು, ನಪಾಸು, ಶಿಸ್ತಿನ ತಕರಾರು, ಎಲ್ಲವೂ ಅವರ ಸ್ವಂತದ್ದು. ಅವರು ಸಹಿ ಹಾಕಿ ಒಪ್ಪಿದ ಹೊರತು ಅಪ್ಪನಿಗೂ ತೋರಿಸುವಂತಿಲ್ಲ, ಅಮ್ಮನಿಗೂ ಹೇಳುವಂತಿಲ್ಲ. ಜೀವಕ್ಕೇ ಅಪಾಯ ಎನ್ನುವಂಥ ಸಂದರ್ಭ ಬಂದರೆ ಮಾತ್ರ ಸೂಪರಿಂಟೆಂಡೆಂಟರು ಕಡತ ತೆಗೆಯಬಹುದು. ನಮ್ಮಲ್ಲಿ ಯಾರಾದರೂ ಕಂಪ್ಯೂಟರಿನಲ್ಲಿ ಒಂದು ಕಡತ ತೆರೆದರೆ ಸಾಕು, ತೆರೆದವರ ಹೆಸರು ಅದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಯಾರು ಯಾರು ನೋಡಿದ್ದಾರೆ ತೋರಿಸಿ ಎಂದು ಕೇಳುವ ಹಕ್ಕೂ ವಿದ್ಯಾರ್ಥಿಗಿದೆ. ಕೇಳುವವರು ಬಹಳ ಕಡಿಮೆ. ನಮ್ಮದೇ ನೆಂಟರ ಕಡತವಾದರೆ ಮುಟ್ಟದೆ ಪಕ್ಕದ ಮೇಜಿಗೆ ದಾಟಿಸಬೇಕು.

ಇದನ್ನು ಬಾಯಿಪಾಠ ಒಪ್ಪಿಸುವುದು ಸುಲಭ, ಗಾಜಿನಾಚೆ ಒಬ್ಬ ಅಪ್ಪ ನಿಂತಾಗ ಪಾಲಿಸುವುದು ಕಷ್ಟ. ಮಗ ನನ್ನವನು, ಬೆವರು ನನ್ನದು, ಅವನ ಅಂಕ ನನಗೇಕೆ ಇಲ್ಲ ಎಂದು ಗಾಜು ಗುದ್ದಿದವರಿದ್ದಾರೆ. ಹಣ್ಣಿನ ಬುಟ್ಟಿ ಹಿಡಿದು ಬಂದು, ಅಕ್ಕ ತಂಗಿ ಎಂದು ಸಂಬಂಧ ಬೆಳೆಸಿ, ಆಮೇಲೆ ಮೆಲ್ಲಗೆ ಹೆಸರು ಹೇಳಿದವರಿದ್ದಾರೆ. ಬೀಗದಕ್ಕ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು. ದನಿ ಏರಿಸುತ್ತಿರಲಿಲ್ಲ, ಮುಖ ಗಂಟಿಕ್ಕುತ್ತಿರಲಿಲ್ಲ. "ಅವರನ್ನೇ ಕೇಳಿ" ಎನ್ನುತ್ತಿದ್ದಳು. ಅಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ.

ಅವಳ ಈ ಹಟಕ್ಕೆ ಒಂದು ಬೇರು ಇತ್ತು. ಅವಳೂ ಒಂದು ಕಾಲದಲ್ಲಿ ಕಾಲೇಜಿಗೆ ಹೋದವಳೇ. ಗಣಿತದಲ್ಲಿ ಒಂದು ಪತ್ರಿಕೆ ಹೋಗಿತ್ತು. ಮುಂದಿನ ಸಲ ಬರೆದು ತೆಗೆದುಕೊಳ್ಳುತ್ತೇನೆ ಎಂದುಕೊಂಡು ಮನೆಯಲ್ಲಿ ಹೇಳಿರಲಿಲ್ಲ. ಆ ಕಾಲೇಜಿನ ಗುಮಾಸ್ತ ಕ್ಷೌರದಂಗಡಿಯಲ್ಲಿ ಅವಳ ದೊಡ್ಡಪ್ಪನ ಪಕ್ಕ ಕೂತಿದ್ದಾಗ ಲೋಕಾಭಿರಾಮವಾಗಿ ಬಾಯಿಬಿಟ್ಟ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ದೊಡ್ಡಪ್ಪ ಮನೆಗೆ ಬಂದವನೇ, ಓದು ತಲೆಗೆ ಹತ್ತದವಳಿಗೆ ಕಾಲೇಜು ಏಕೆ ಎಂದ. ಅಲ್ಲಿಗೆ ಅವಳ ಓದು ಮುಗಿಯಿತು. ಇದನ್ನು ಅವಳು ನನಗೆ ಒಂದೇ ಒಂದು ಸಲ ಹೇಳಿದ್ದಾಳೆ, ಅದೂ ಬಸ್ಸು ಕೆಟ್ಟು ನಿಂತಿದ್ದಾಗ.

ಗಂಡ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಮೆತ್ತಗಿನ ಮನುಷ್ಯ. ಇಡೀ ದಿನ ಬೇರೆಯವರ ಕಣ್ಣಿಗೆ ಸರಿಹೋಗುವಂತೆ ಗಾಜು ತಿದ್ದಿ ತಿದ್ದಿ, ಮನೆಗೆ ಬಂದ ಮೇಲೂ ಎದುರಿನವರ ಮುಖವನ್ನು ಕಣ್ಣು ಕಿರಿದು ಮಾಡಿಯೇ ನೋಡುತ್ತಾನೆ. ಒಬ್ಬಳೇ ಮಗಳು, ಪುಟ್ಟಿ ಎಂದು ಕರೆಯುವುದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆದರೆ ಆ ಹುಡುಗಿ ನಿಜವಾಗಿಯೂ ಚೂಟಿ. ನನ್ನನ್ನು ಅಂಕಪಟ್ಟಿ ಆಂಟಿ ಎಂದು ಕರೆಯುತ್ತಾ ನನ್ನ ಮೊಹರು ಕದ್ದು ತನ್ನ ಅಂಗೈಗೆಲ್ಲ ಒತ್ತಿಕೊಂಡು ಬೆಳೆದವಳು. ಅವಳಿಗೆ ನಮ್ಮಲ್ಲೇ ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಿದಾಗ ಇಡೀ ವಿಭಾಗಕ್ಕೆ ಸಂತೋಷವಾಯಿತು.

ಸೇರಿದ ದಿನವೇ ಬೀಗದಕ್ಕ ಮಗಳನ್ನು ಕೂರಿಸಿಕೊಂಡು ಮಾತು ಕೊಟ್ಟಳಂತೆ: ನಿನ್ನ ನಂಬರು ನನ್ನ ಕೈಯಿಂದ ಎಂದೂ ಒತ್ತುವುದಿಲ್ಲ, ನಿನ್ನ ಕಡತ ನಿನ್ನದು, ನಾನು ಅಲ್ಲಿ ಕೂತಿದ್ದೇನೆ ಎಂದು ನಿನಗೆ ಹೆದರಿಕೆ ಬೇಡ. ಪುಟ್ಟಿ ನಕ್ಕು, ಆಯಿತಮ್ಮ, ನಂಬಿದೆ ಅಂದಳಂತೆ. ಆ ನಗು ಎಂಥದ್ದು ಎಂದು ಅಮ್ಮ ಯೋಚಿಸಲಿಲ್ಲ. ನಾನಾಗಿದ್ದರೆ ಯೋಚಿಸುತ್ತಿದ್ದೆ. ಖಜಾನೆಯ ಕಾವಲಿಗೆ ಕೂತವಳು ತನ್ನ ಮಗಳ ಪೆಟ್ಟಿಗೆ ಮಾತ್ರ ಮುಟ್ಟುವುದಿಲ್ಲ ಎಂದರೆ ಈ ಲೋಕದಲ್ಲಿ ಯಾರು ನಂಬುತ್ತಾರೆ? ಅವಳ ನಾದಿನಿಯೇ ನಂಬಿರಲಿಲ್ಲ. ತನ್ನ ಮಗನ ಫಲಿತಾಂಶ ಒಂದು ದಿನ ಮುಂಚೆ ಹೇಳು ಎಂದು ಕೇಳಿ, ಇಲ್ಲ ಎನ್ನಿಸಿಕೊಂಡು, ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಮುನಿಸಿಕೊಂಡು ಹೋಗಿದ್ದಳು.

ಮೊದಲ ವರ್ಷ ನಾವು ಮೂವರೂ ಒಂದೇ ಬಸ್ಸು. ಪುಟ್ಟಿಯ ಬಾಯಿಗೆ ಬಿಡುವಿರಲಿಲ್ಲ. ಯಾವ ಮೇಷ್ಟ್ರು ತರಗತಿಯಲ್ಲಿ ತೂಕಡಿಸಿದರು, ಯಾರ ಪ್ರಯೋಗದಲ್ಲಿ ಹಳದಿ ಬರಬೇಕಾದದ್ದು ನೀಲಿ ಬಂತು, ಎಲ್ಲ ನಮಗೆ ಗೊತ್ತಾಗುತ್ತಿತ್ತು. ಎರಡನೆಯ ವರ್ಷ ಶುರುವಾದ ಮೇಲೆ ಆ ಬಾಯಿ ನಿಂತಿತು. ಮೊದಲು ತಲೆನೋವು ಅಂದಳು. ಆಮೇಲೆ ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿ ಕಡೆಗೆ ಮುಖ ಹಾಕಿ ಕೂರುತ್ತಿದ್ದಳು. ಇಳಿದ ತಕ್ಷಣ ನಮಗಿಂತ ಮುಂದೆ ನಡೆದು ರಸಾಯನಶಾಸ್ತ್ರದ ಕಟ್ಟಡದ ಕಡೆಗೆ ತಿರುಗುತ್ತಿದ್ದಳು. ವಯಸ್ಸಿನ ಹುಡುಗಿ, ಯಾವನೋ ಮನಸ್ಸಿಗೆ ಬಂದಿರಬೇಕು ಎಂದು ನಾನು ತಮಾಷೆ ಮಾಡಿದೆ. ಬೀಗದಕ್ಕ ನಗಲಿಲ್ಲ.

ಅವಳಿಗೆ ಅನುಮಾನ ಬಂದದ್ದು ಬಿಳಿ ಕೋಟಿನಿಂದ. ಪ್ರಯೋಗಾಲಯದಲ್ಲಿ ತೊಡುವ ಕೋಟನ್ನು ಪುಟ್ಟಿ ವಾರಕ್ಕೊಮ್ಮೆ ಬಕೆಟ್ಟಿಗೆ ಹಾಕುತ್ತಿದ್ದಳು, ಅಮ್ಮ ಒಗೆದು ಇಸ್ತ್ರಿ ಮಾಡುತ್ತಿದ್ದಳು. ಮೊದಲ ವರ್ಷ ಆ ಕೋಟಿನ ತೋಳು ನೋಡುವಂತಿರಲಿಲ್ಲ: ನೇರಳೆ ಕಲೆ, ಕಂದು ಕಲೆ, ಸಣ್ಣ ಸಣ್ಣ ಸುಟ್ಟ ತೂತು. ಈಗ ಕಲೆಯೇ ಇಲ್ಲ. ಒಂದು ವಾರ ಅವಳು ಬೇಕೆಂದೇ ತೋಳನ್ನು ಗಟ್ಟಿಯಾಗಿ ಮಡಿಚಿ ಇಸ್ತ್ರಿ ಎಳೆದು ಕೊಟ್ಟಳು. ವಾರ ಕಳೆದು ಬಕೆಟ್ಟಿಗೆ ಬಿದ್ದಾಗ ಆ ಮಡಿಕೆಯ ಗೆರೆ ಹಾಗೇ ಇತ್ತು. ತೊಡದ ಕೋಟನ್ನು ಮಗಳು ಒಗೆಯಲು ಹಾಕುತ್ತಿದ್ದಳು, ಅಮ್ಮ ಒಗೆದ ಕೋಟನ್ನೇ ಮತ್ತೆ ಒಗೆಯುತ್ತಿದ್ದಳು.

ಇದನ್ನು ಅವಳು ನನಗೆ ಹೇಳಿದಳು. ಕೇಳಿಬಿಡೇ, ಅದಕ್ಕೇನು ಎಂದು ನಾನು ಅಂದೆ. ಆಗ ಅವಳು ಹೇಳಿದ ಮಾತು ನನಗೆ ಆ ಹೊತ್ತಿಗೆ ಅರ್ಥವೇ ಆಗಲಿಲ್ಲ. "ನಾನು ಬಾಯಿ ತೆಗೆದ್ರೆ, ಅವಳು ನಾನು ಕಡತ ನೋಡಿದೀನಿ ಅಂದ್ಕೋತಾಳೆ. ಆಮೇಲೆ ನನ್ನನ್ನ ಯಾವತ್ತೂ ನಂಬಲ್ಲ" ಅಂದಳು. ಬೇರೆ ಅಮ್ಮಂದಿರು ಅನುಮಾನ ಬಂದರೆ ಕೇಳಬಹುದು, ಗದರಬಹುದು, ಚೀಲ ತಡಕಬಹುದು. ಇವಳು ಏನು ಕೇಳಿದರೂ ಅದು ಕಿಟಕಿಯಿಂದ ಕದ್ದು ತಂದ ಪ್ರಶ್ನೆಯಂತೆ ಕೇಳಿಸುತ್ತದೆ ಎಂಬುದು ಅವಳ ಭಯ. ಹಾಜರಿ ಎಂಬ ಪದ ಕೂಡ ಮನೆಯಲ್ಲಿ ಆಡಲು ಹೆದರುತ್ತಿದ್ದಳು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ, ಕದಿಯದವಳು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅದೇ ಸಮಯಕ್ಕೆ ಇನ್ನೊಂದು ಘಟನೆಯಾಯಿತು. ಒಬ್ಬ ಹೆಂಗಸು ಕಿಟಕಿಗೆ ಬಂದು, ಮಗ ಹಾಸ್ಟೆಲಿನಿಂದ ಫೋನು ಎತ್ತುತ್ತಿಲ್ಲ, ತರಗತಿಗೆ ಬರುತ್ತಿದ್ದಾನೋ ಇಲ್ಲವೋ ಅಷ್ಟನ್ನಾದರೂ ಹೇಳಿ ಎಂದು ಬೇಡಿಕೊಂಡಳು. ಬೀಗದಕ್ಕ ಆಕೆಯನ್ನು ಸೂಪರಿಂಟೆಂಡೆಂಟರ ಕೋಣೆಗೆ ಕಳಿಸಿದಳು. ಅವರು ಕಡತ ತೆಗೆದು, ಹಾಸ್ಟೆಲಿಗೆ ಹೇಳಿಸಿ, ಹುಡುಕಾಟ ಶುರು ಮಾಡಿಸಿದರು. ಹುಡುಗ ಕೆಲವು ದಿನಗಳ ಮೇಲೆ ಗೆಳೆಯನ ಮನೆಯಲ್ಲಿ ಸಿಕ್ಕ, ಗಡ್ಡ ಬಿಟ್ಟುಕೊಂಡು, ಆದರೆ ಕ್ಷೇಮವಾಗಿ. ಕತೆ ಸುಖಾಂತವೇ. ಆದರೆ ಆ ಕೆಲವು ದಿನ ಆ ತಾಯಿ ನಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತದ್ದನ್ನು ಬೀಗದಕ್ಕ ಗಾಜಿನಿಂದ ನೋಡುತ್ತಲೇ ಇದ್ದಳು. ಆಮೇಲೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಡಬ್ಬಿ ತೆರೆದು, ಹಾಗೇ ಮುಚ್ಚಿ, ನನ್ನ ಕಡೆಗೆ ತಳ್ಳುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ನೀನು ನೋಡಬೇಡ, ನಾನು ನೋಡುತ್ತೇನೆ, ನಿನಗೆ ಒಂದಕ್ಷರವೂ ಹೇಳುವುದಿಲ್ಲ, ಗಾಬರಿಪಡುವಂಥದ್ದು ಇದೆಯೋ ಇಲ್ಲವೋ ಅಷ್ಟು ನನಗೆ ಗೊತ್ತಾದರೆ ಸಾಕು ಅಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ನೀನು ಹೇಳೋದೇ ಬೇಡ. ನಿನ್ನ ಮುಖ ನೋಡಿದ್ರೆ ನನಗೆ ಗೊತ್ತಾಗತ್ತೆ" ಅಂದಳು. ಅದೂ ನಿಜ. ನನ್ನ ಮುಖ ನನ್ನ ಮಾತು ಕೇಳುವುದಿಲ್ಲ. ಬಾಯಿ ಮುಚ್ಚಿದರೂ ಹುಬ್ಬು ಮಾತಾಡುತ್ತದೆ ಎಂದು ನನ್ನ ಗಂಡನೂ ಹೇಳುತ್ತಾನೆ. ಕೋಪ ಬಂತು, ನಿನ್ನ ನಿಯಮ ಉಪ್ಪಿನಕಾಯಿ ಹಾಕಿಕೊ ಅಂದೆ. ಎರಡು ದಿನ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತೆವು.

ಬೀಗದಕ್ಕನ ಗಂಡನ ತಾಳ್ಮೆ ಕಟ್ಟೆಯೊಡೆದದ್ದು ಅದೇ ವಾರ. ಅವನು ಅಂಗಡಿಯಿಂದ ಗಾಜು ತಲುಪಿಸಲು ಬಸ್‌ ನಿಲ್ದಾಣದ ಕಡೆ ಹೋಗಿದ್ದಾಗ, ತರಗತಿ ನಡೆಯುವ ಹೊತ್ತಿನಲ್ಲಿ, ಪುಟ್ಟಿ ಅಲ್ಲಿಯ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದನ್ನು ಕಂಡ. ಹೋಗಿ ಮಾತಾಡಿಸುವ ಧೈರ್ಯವಾಗದೆ ಹಿಂದಿರುಗಿದ. ಮನೆಯಲ್ಲಿ ಹೆಂಡತಿಯ ಮುಂದೆ ಅವನದು ಒಂದೇ ರಾಗ: ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು ನಮ್ಮ ಕತೆ, ಒಂದು ಸಲ ನೋಡು. ಅವಳು ಆಗುವುದಿಲ್ಲ ಅಂದಳು. ನೀವೇ ಅವಳನ್ನು ಕೇಳಿ ಅಂದಳು. ನಾನು ಕೇಳಿದರೆ ನೀನು ಹೇಳಿಕೊಟ್ಟೆ ಅಂದುಕೊಳ್ಳುತ್ತಾಳೆ ಎಂದು ಅವನೂ ಹಿಂಜರಿದ. ಬಿಸಿ ತುಪ್ಪ ಗಂಟಲಲ್ಲಿ ಸಿಕ್ಕಿದಂತೆ, ಇಬ್ಬರಿಗೂ ನುಂಗಲಾಗದು, ಉಗುಳಲಾಗದು.

ಮರುದಿನ ಮಧ್ಯಾಹ್ನ ನಾನು ಮೊಹರಿಗೆ ಶಾಯಿ ಹಾಕುತ್ತಿದ್ದೆ. ಸಾಲಿನಲ್ಲಿ ಅವನು ನಿಂತಿದ್ದ. ಅಂಗಡಿಯ ಏಪ್ರನ್ನು ಬಿಚ್ಚಿರಲಿಲ್ಲ, ಅದರ ಮೇಲೆಲ್ಲ ಗಾಜಿನ ಬಿಳಿ ಪುಡಿ. ತನ್ನ ಸರದಿ ಬರುವವರೆಗೆ ಕಾದು, ತೂತಿನ ಮುಂದೆ ಬಗ್ಗಿ, ತಾನು ಇಂಥ ವಿದ್ಯಾರ್ಥಿನಿಯ ತಂದೆ, ಅವಳ ಹಾಜರಿ ತಿಳಿಯಬೇಕು ಎಂದು ಮಗಳ ಪೂರ್ತಿ ಹೆಸರು ಹೇಳಿದ. ಬೀಗದಕ್ಕ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಅಂದಳು, "ಅವರನ್ನೇ ಕೇಳಿ."

ಅವನು ಅಲುಗಲಿಲ್ಲ. "ಅವಳ ಅಮ್ಮನ್ನ ಕೇಳ್ದೆ. ಅವಳೂ ಹೇಳಲ್ಲ ಅಂದ್ಲು" ಅಂದ.

ಸಾಲಿನಲ್ಲಿದ್ದ ಹುಡುಗರಿಗೆ ಇದು ಗಂಡ ಹೆಂಡಿರ ಜಗಳ ಎಂದು ಹೇಗೋ ಗೊತ್ತಾಗಿ ಕಿಸಕ್ಕೆಂದು ನಕ್ಕರು. ಅವನು ನಗಲಿಲ್ಲ, ಅವಳೂ ನಗಲಿಲ್ಲ. ಕೊನೆಗೆ ಅವನು ಜೇಬಿನಿಂದ ಬಟ್ಟೆ ತೆಗೆದು, ತನ್ನ ಉಸಿರಿನಿಂದ ಮಸುಕಾಗಿದ್ದ ಗಾಜನ್ನು ಅಭ್ಯಾಸಬಲದಿಂದ ಒರೆಸಿ, ಹೊರಟುಹೋದ. ನನಗೆ ಅಂದು ಅವಳ ಮೇಲೆ ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ, ಅಷ್ಟು ಮರುಕವೂ ಬಂದಿರಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಗಂಡ ಮಗಳಿಗೆ ಕೇಳುವಂತೆ, ನಿನ್ನ ಅಮ್ಮನ ಕಿಟಕಿಗೆ ಹೋಗಿದ್ದೆ, ನನಗೂ ಬಾಗಿಲು ತೆರೆಯಲಿಲ್ಲ ಎಂದುಬಿಟ್ಟನಂತೆ. ಪುಟ್ಟಿ ತಟ್ಟೆಯಿಂದ ತಲೆಯೆತ್ತಿ ಅಪ್ಪನನ್ನೂ ಅಮ್ಮನನ್ನೂ ಬದಲಿಸಿ ಬದಲಿಸಿ ನೋಡಿದಳಂತೆ. ಎದ್ದು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಬೆಳಗ್ಗೆ ಇವರು ಏಳುವಷ್ಟರಲ್ಲಿ ಮನೆಯಲ್ಲಿರಲಿಲ್ಲ. ಚೀಲವೂ ಇಲ್ಲ. ಬಿಳಿ ಕೋಟು ಮಾತ್ರ ಗೂಟದಲ್ಲಿ ನೇತಾಡುತ್ತಿತ್ತು. ಫೋನು ಮಾಡಿದರೆ ಎತ್ತಲಿಲ್ಲ.

ಬಸ್ಸಿನಲ್ಲಿ ಬೀಗದಕ್ಕ ನನ್ನ ಪಕ್ಕವೇ ಬಂದು ಕೂತಳು, ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ಗಂಡ ಬಸ್‌ ನಿಲ್ದಾಣಕ್ಕೆ ಓಡಿದ್ದ, ಅಲ್ಲಿಯ ಬೆಂಚು ಖಾಲಿ ಎಂದು ಫೋನು ಮಾಡಿದ್ದ. ಗಡ್ಡ ಬಿಟ್ಟುಕೊಂಡು ಸಿಕ್ಕಿದ ಆ ಹುಡುಗ ನನಗೂ ನೆನಪಾದ. ಎಲ್ಲರೂ ಹಾಗೆ ಸಿಗುವುದಿಲ್ಲ ಎಂಬುದೂ ನೆನಪಾಯಿತು.

ಕಿಟಕಿ ತೆರೆದಳು. ಸಾಲು ಬಂತು. ಕಾಗದ ಇಸಿದುಕೊಂಡಳು, ಕಾಗದ ಕೊಟ್ಟಳು. ಪ್ರತಿ ಹೊಸ ಮುಖ ಬಗ್ಗಿದಾಗಲೂ ಅವಳ ಕುತ್ತಿಗೆ ಮುಂದೆ ಬಂದು ಮತ್ತೆ ಹಿಂದೆ ಹೋಗುತ್ತಿತ್ತು. ಸಾಲು ತೆಳುವಾದ ಒಂದು ಗಳಿಗೆಯಲ್ಲಿ ನಾನು ಅವಳ ಪರದೆಯ ಕಡೆ ನೋಡಿದೆ. ಹುಡುಕುವ ಜಾಗದಲ್ಲಿ ಪುಟ್ಟಿಯ ನೋಂದಣಿ ನಂಬರು ಪೂರ್ತಿ ಬಿದ್ದಿತ್ತು. ಬಸ್‌ ಪಾಸಿಗೆ ಎಷ್ಟೋ ಸಲ ಬರೆದುಕೊಟ್ಟ ನಂಬರು, ಬೆರಳಿಗೆ ಬಾಯಿಪಾಠ. ಇನ್ನು ಒಂದು ಗುಂಡಿ ಒತ್ತಿದರೆ ಕಡತ ತೆರೆಯುತ್ತದೆ. ಅವಳ ಬೆರಳು ಆ ಗುಂಡಿಯ ಮೇಲೇ ಇತ್ತು. ಒತ್ತು ತಾಯಿ, ಒತ್ತಿಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಒತ್ತಲಿಲ್ಲ. ಅಂಕೆಗಳನ್ನು ಹಿಂದಿನಿಂದ ಒಂದೊಂದಾಗಿ ಅಳಿಸಿದಳು. ನನ್ನ ಕಡೆ ತಿರುಗದೆಯೇ, ಊಟದ ಹೊತ್ತಿನವರೆಗೆ ನೋಡುತ್ತೇನೆ, ಆಮೇಲೂ ಫೋನು ಎತ್ತದಿದ್ದರೆ ಸೂಪರಿಂಟೆಂಡೆಂಟರ ಹತ್ತಿರ ಹೋಗಿ ಜೀವದ ವಿಷಯ ಎಂದು ಬರೆದುಕೊಟ್ಟು ಅವರಿಂದಲೇ ತೆಗೆಸುತ್ತೇನೆ, ಎಲ್ಲ ಅಮ್ಮಂದಿರ ಹಾಗೆ ಆ ಬೆಂಚಿನ ಮೇಲೆ ಕೂರುತ್ತೇನೆ ಅಂದಳು.

ಊಟದ ಹೊತ್ತಿಗೆ ಸಾಲಿನಲ್ಲಿ ಕೊನೆಯವನಿಗಿಂತ ಮುಂದೆ ನಿಂತಿದ್ದವಳು ಪುಟ್ಟಿ.

ನಾನೇ ಮೊದಲು ಕಂಡದ್ದು. ಬೀಗದಕ್ಕನ ಮೊಣಕೈ ತಿವಿದೆ. ಅವಳು ತಲೆಯೆತ್ತಿದಳು, ಅವಳ ಎದೆಯೊಳಗಿದ್ದ ಉಸಿರೆಲ್ಲ ಒಮ್ಮೆಗೇ ಹೊರಗೆ ಬಂದದ್ದು ನನಗೆ ಕೇಳಿಸಿತು. ಎದ್ದು ಓಡುತ್ತಾಳೆ ಅಂದುಕೊಂಡೆ. ಓಡಲಿಲ್ಲ, ಮುಂದಿದ್ದ ಹುಡುಗನ ಕೆಲಸ ಮುಗಿಸಿದಳು. ಮುಗಿಸುವಷ್ಟರಲ್ಲಿ ಎರಡು ಸಲ ತಪ್ಪು ಕಾಗದಕ್ಕೆ ಮೊಹರು ಒತ್ತಿದಳು. ಆಮೇಲೆ ಮಗಳು ತೂತಿನ ಮುಂದೆ ನಿಂತಳು. ಕಣ್ಣು ಊದಿತ್ತು. ಅಮ್ಮ ಎನ್ನಲಿಲ್ಲ. ಬೇರೆ ಯಾರೋ ಎಂಬಂತೆ, ತನ್ನ ಕಡತವನ್ನು ಯಾರು ಯಾರು ತೆರೆದು ನೋಡಿದ್ದಾರೆ ಎಂಬ ವಿವರ ಬೇಕು ಎಂದು ಕೇಳಿದಳು.

ಬೀಗದಕ್ಕ ಗುರುತಿನ ಚೀಟಿ ಕೇಳಿದಳು. ಹೆತ್ತ ಮಗಳ ಗುರುತಿನ ಚೀಟಿ. ಪುಟ್ಟಿ ಸೀಳಿನಲ್ಲಿ ತೂರಿಸಿದಳು. ಅಮ್ಮ ಅದನ್ನು ತಿರುಗಿಸಿ ನೋಡಿ ನನ್ನ ಮೇಜಿನ ಮೇಲಿಟ್ಟಳು. ನೆಂಟರದ್ದು, ಪಕ್ಕದ ಮೇಜು.

ಆ ವಿವರ ಮುದ್ರಿಸಬೇಕಾದರೆ ಕಡತ ತೆರೆಯದೆ ವಿಧಿಯಿಲ್ಲ. ನಾನು ತೆರೆದೆ. ಪರದೆಯ ಮೇಲೆ ನಾನು ಏನು ಕಂಡೆ ಎಂಬುದನ್ನು ಇಲ್ಲಿಯೂ ಬರೆಯುವುದಿಲ್ಲ, ಅದು ಪುಟ್ಟಿಯದು. ಕಂಡೆ ಎಂದಷ್ಟೇ ಹೇಳುತ್ತೇನೆ. ಬೀಗದಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಟ್ಟನೆ ಗೋಡೆಯ ಕಡೆ ತಿರುಗಿ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ ಎಂದು ಗೊಣಗುತ್ತ, ಏನೂ ಸಿಕ್ಕಿಕೊಂಡಿರದ ಆ ಯಂತ್ರದ ಬಾಗಿಲನ್ನು ತೆಗೆದು ಮುಚ್ಚಿ ಮಾಡಿದೆ. ಹಾಳೆ ಬಂತು. ಅದನ್ನು ಬೋರಲು ಹಿಡಿದು ಸೀಳಿನ ಹೊರಗೆ ತಳ್ಳಿದೆ.

ಪುಟ್ಟಿ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು. ಅವಳ ಮೇಷ್ಟ್ರೊಬ್ಬರ ಹೆಸರು, ಪರೀಕ್ಷಾ ವಿಭಾಗದ ಹೆಸರು, ಕೊನೆಯಲ್ಲಿ ಈಗಷ್ಟೇ ಬಿದ್ದ ನನ್ನ ಹೆಸರು. ಮತ್ತೆ ಮೇಲಿನಿಂದ ಓದಿದಳು. ಹಾಳೆ ತಿರುಗಿಸಿ ಹಿಂಬದಿ ನೋಡಿದಳು, ಅಲ್ಲಿ ಏನೂ ಇರಲಿಲ್ಲ.

"ಅಮ್ಮ, ನೀನು ನೋಡೇ ಇಲ್ವಾ?" ಅಂದಳು.

"ನೋಡಲ್ಲ ಅಂತ ಹೇಳಿದ್ನಲ್ಲ."

"ನಾನು ನಿನಗೆಲ್ಲ ಗೊತ್ತು ಅಂದ್ಕೊಂಡಿದ್ದೆ." ಪುಟ್ಟಿಯ ಬಾಯಿ ಆ ತೂತಿಗೆ ತಾಗುವಷ್ಟು ಹತ್ತಿರವಿತ್ತು. "ಆವತ್ತೇ ಓದಿರ್ತೀಯ, ಓದಿ ಅಸಹ್ಯ ಆಗಿ ಸುಮ್ನಿದೀಯ ಅಂದ್ಕೊಂಡೆ. ವಾರ ವಾರ ಕೋಟು ಒಗೆದು ಕೊಡ್ತಿದ್ಯಲ್ಲ, ಅದು ನನಗೆ ಮಾಡೋ ಶಿಕ್ಷೆ ಅಂದ್ಕೊಂಡೆ."

ಆಮೇಲೆ ಅವಳೇ ಹೇಳಿದಳು, ಗಾಜಿನಾಚೆ ನಿಂತೇ ಹೇಳಿದಳು. ಅವಳೇ ಹೇಳಿದ್ದರಿಂದ ನಾನು ಇಲ್ಲಿ ಹೇಳಬಹುದು. ವರ್ಷದ ಶುರುವಿನಲ್ಲಿ ಪ್ರಯೋಗಾಲಯದಲ್ಲಿ ಅವಳ ಕೈಯಿಂದ ಆಸಿಡ್ಡಿನ ಬಾಟಲಿ ಜಾರಿ, ಪಕ್ಕದ ಹುಡುಗಿಯ ಮುಂಗೈ ಸುಟ್ಟಿತ್ತು. ಆ ಹುಡುಗಿಗೆ ವಾಸಿಯಾಯಿತು, ಅವಳೂ ಅವಳ ಮನೆಯವರೂ ಒಂದು ಮಾತು ಅನ್ನಲಿಲ್ಲ. ಆದರೆ ವಿಭಾಗದವರು ನಿಯಮದಂತೆ ಅದನ್ನು ಪುಟ್ಟಿಯ ಕಡತದಲ್ಲಿ ಬರೆದರು. ಅಂದಿನಿಂದ ಅವಳಿಗೆ ಆ ಕೋಣೆಯ ಹೊಸಿಲು ದಾಟಲು ಆಗಲಿಲ್ಲ. ಬಾಗಿಲ ಹಿಡಿಕೆ ಮುಟ್ಟಿ ಹಿಂದಿರುಗುತ್ತಿದ್ದಳು. ಮೊದಲು ಒಂದು ತರಗತಿ ತಪ್ಪಿತು, ಆಮೇಲೆ ಒಂದು ವಾರ, ಆಮೇಲೆ ಎಲ್ಲವೂ. ಕಟ್ಟಡದ ಮುಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದ ಹೊರಗೆ ಬಂದು ಬಸ್‌ ನಿಲ್ದಾಣದಲ್ಲಿ ಕೂರುತ್ತಿದ್ದಳು. ಬೆಳಗ್ಗೆಯಿಂದ ಅದೇ ಬಾಗಿಲ ಮುಂದೆ ನಿಂತಿದ್ದಳಂತೆ, ಈಗಲೂ ಒಳಗೆ ಹೋಗಲಾಗಲಿಲ್ಲವಂತೆ. ಅಮ್ಮನಿಗೆ ಎಲ್ಲ ಗೊತ್ತಿದ್ದರೆ ಅಪ್ಪ ಯಾಕೆ ಸಾಲಿನಲ್ಲಿ ನಿಲ್ಲಬೇಕಿತ್ತು ಎಂಬುದೊಂದೇ ರಾತ್ರಿಯಿಂದ ಅವಳ ತಲೆ ಕೊರೆಯುತ್ತಿತ್ತು.

"ನೀನು ಒಂದು ಸಲ ಕೇಳಿದ್ರೆ ಹೇಳ್ತಿದ್ದೆ ಅಮ್ಮ" ಅಂದಳು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರ ಅಂದು ಬೀಗದಕ್ಕನ ಕೊರಳಿಗೆ ಎಷ್ಟು ಭಾರವಾಗಿತ್ತು ಎಂದು ನಾನು ಕಣ್ಣಾರೆ ಕಂಡೆ. ಕೇಳಿದರೆ ಕದ್ದು ನೋಡಿದ್ದೇನೆ ಅಂದುಕೊಳ್ಳುತ್ತೀಯ ಎಂದು ಹೆದರಿದ್ದೆ ಎಂದು ಹೇಳಲು ಹೊರಟಳು, ಅರ್ಧಕ್ಕೇ ನಿಲ್ಲಿಸಿದಳು. ಗಾಜಿಗೆ ಅಂಗೈ ಒತ್ತಿ, ಆಮೇಲೆ ಅದು ಗಾಜು ಎಂದು ನೆನಪಾದವಳಂತೆ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಮುಚ್ಚಿದೆ ಎಂಬ ಹಲಗೆ ಇಡಬೇಕೆಂಬುದೂ ತೋಚಲಿಲ್ಲ. ಪಕ್ಕದ ಬಾಗಿಲಿನಿಂದ ಕಾರಿಡಾರಿಗೆ ಓಡಿದಳು. ಆ ಬೆಂಚಿನ ಮೇಲೆ ಇಬ್ಬರೂ ಕೂತರು. ಅಮ್ಮನ ಬಾಯಿ ಆಡಿದ್ದು ಕಂಡಿತು. ಏನಾಯ್ತು ಪುಟ್ಟಿ, ಮೊದಲಿಂದ ಹೇಳು ಎಂದೇ ಕೇಳಿರಬೇಕು, ಯಾಕೆಂದರೆ ಮಗಳು ಆಗ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು, ಈಗ ತಾನೆ ಹೇಳಿದ್ದನ್ನೆಲ್ಲ ಮತ್ತೆ ಮೊದಲಿಂದ ಹೇಳತೊಡಗಿದಳು.

ಕಿಟಕಿ ಖಾಲಿ ಬಿಡುವಂತಿಲ್ಲ. ಕೆಲಸಕ್ಕೆ ಸೇರಿದಂದಿನಿಂದ ಮೊದಲ ಸಲ ನಾನು ಆ ಕುರ್ಚಿಯಲ್ಲಿ ಕೂತೆ. ಸಾಲಿನಲ್ಲಿ ಉಳಿದಿದ್ದ ದಪ್ಪ ಮೀಸೆಯ ಗಂಡಸು ಮುಂದೆ ಬಂದು, ಮಗ ಈ ಸಲ ಪಾಸೋ ನಪಾಸೋ ಹೇಳಿ, ಮನೆಯಲ್ಲಿ ತುಟಿ ಬಿಚ್ಚುತ್ತಿಲ್ಲ ಅಂದ. ಬೀಗದಕ್ಕನ ಹಾಗೆ ಮೆಲ್ಲಗೆ ಹೇಳಲು ನನಗೆಲ್ಲಿ ಬರಬೇಕು!

"ಅವನನ್ನೇ ಕೇಳಿ" ಅಂದೆ. "ಇವತ್ತೇ ಕೇಳಿ."

ಆತ ನನ್ನನ್ನೊಮ್ಮೆ ನೋಡಿ, ಹಿಂದಿರುಗಿ ಬೆಂಚಿನ ಮೇಲಿದ್ದ ತಾಯಿ ಮಗಳನ್ನೊಮ್ಮೆ ನೋಡಿ, ಜೇಬಿನಿಂದ ಫೋನು ತೆಗೆದ.